9,000 ಕಿಲೋಮೀಟರಿಗೇ ಸೋತ ಕ್ಲಚ್: ಬಳ್ಳಾರಿಯ ಒಂದು ಸ್ಪೋರ್ಟ್ಸ್ ಕಾರಿನ ಪ್ರಕರಣ

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ. ಬಿಸಿಲು 41 ಡಿಗ್ರಿ ದಾಟಿತ್ತು. ಹೊಸಪೇಟೆ ರಸ್ತೆಯ ನಮ್ಮ ಗ್ಯಾರೇಜಿನ ಮುಂದೆ ಟೋಯಿಂಗ್ ಗಾಡಿ ಬಂದು ನಿಂತಿತು. ಮೇಲೆ ಕೆಂಪು ಧೂಳು ಮೆತ್ತಿಕೊಂಡ ಒಂದು ಬಿಳಿ ಸ್ಪೋರ್ಟ್ಸ್ ಕಾರು. ಜಪಾನಿನದು, ಎರಡೇ ಸೀಟು. ಮುಂದೆ ವಿ6 ಪೆಟ್ರೋಲ್ ಎಂಜಿನ್, ಆರು ಗೇರು, ಎಂಜಿನ್ ಓಡಿಸುವುದು ಹಿಂದಿನ ಚಕ್ರಗಳನ್ನು.

ಬಳ್ಳಾರಿಗೆ ಇಂಥ ಕಾರು ಹೊಸದಲ್ಲ. ಗಣಿ ಜೋರಾಗಿದ್ದ ಕಾಲದಲ್ಲಿ ಊರಲ್ಲಿ ಎಂತೆಂಥ ಕಾರು ಓಡಾಡಿದವು ಅಂತ ನಮ್ಮೂರಿನವರಿಗೆ ನೆನಪಿದೆ. ಆದರೆ ದೊಡ್ಡ ಕೆಲಸ ಬಂದರೆ ಅವು ಬೆಂಗಳೂರಿಗೋ ಹೈದರಾಬಾದಿಗೋ ಹೋಗುತ್ತಿದ್ದವು. ನಮ್ಮ ಕೈಗೆ ಸಿಗುತ್ತಿದ್ದುದು ಅದಿರು ಲಾರಿಗಳು. ನಾನು ಕ್ಲಚ್ ಕೆಲಸ ಕಲಿತದ್ದೂ ಲಾರಿಗಳಲ್ಲೇ, ಕೌಲ್ ಬಜಾರಿನ ಒಬ್ಬ ಉಸ್ತಾದ್ ಹತ್ತಿರ. ಈ ಕಾರನ್ನು ಒಪ್ಪಿಕೊಳ್ಳುವ ಮೊದಲು ಅರ್ಧ ದಿನ ಯೋಚಿಸಿದೆ.

ಒಪ್ಪಿಕೊಂಡದ್ದಕ್ಕೆ ಕಾರಣ ಕಾರಿನ ಯಜಮಾನಿ. ಅವರು ಊರಲ್ಲಿ ಕಣ್ಣಿನ ಡಾಕ್ಟರ್. ವಾರಕ್ಕೊಮ್ಮೆ ಸಂಡೂರಿಗೆ ರೋಗಿಗಳನ್ನು ನೋಡಲು ಹೋಗುತ್ತಾರೆ. ಕಾರನ್ನು ಸೆಕೆಂಡ್ ಹ್ಯಾಂಡ್ ತೆಗೆದುಕೊಂಡಿದ್ದರು. ಹಳೆಯ ಕ್ಲಚ್ 41,000 ಕಿಲೋಮೀಟರಿಗೆ ಸವೆದಿತ್ತು, ಅದು ಸಹಜ. ಬೇರೆ ಊರಿನ ಒಂದು ಗ್ಯಾರೇಜಿನಲ್ಲಿ ಹೊಸದು ಹಾಕಿಸಿದರು. ಆ ಹೊಸ ಕ್ಲಚ್ 9,000 ಕಿಲೋಮೀಟರಿಗೇ ಕೈಕೊಟ್ಟಿತು. ಫೋನ್ ಮಾಡಿ ಕೇಳಿದರೆ ಆ ಗ್ಯಾರೇಜಿನವರು ಒಂದೇ ಮಾತು ಹೇಳಿದರಂತೆ: "ಮೇಡಂ, ನೀವು ಕ್ಲಚ್ ಮೇಲೆ ಕಾಲಿಟ್ಟೇ ಓಡಿಸ್ತೀರಿ." ಮನೆಯವರೂ ಅದನ್ನೇ ಹೇಳಿದರು. ಪಕ್ಕದ ಮನೆಯವರೂ ಅದನ್ನೇ ಹೇಳಿದರು.

"ಅಣ್ಣಾ, ಎಲ್ಲರೂ ನನ್ನ ಕಾಲಿನದೇ ತಪ್ಪು ಅಂತಾರೆ. ನನಗೂ ಹಾಗೇ ಅನ್ಸೋಕೆ ಶುರುವಾಗಿದೆ. ಬಿಚ್ಚಿ ನೋಡಿ ಇದ್ದದ್ದು ಇದ್ದಹಾಗೆ ಹೇಳಿ" ಅಂದರು. ಅಷ್ಟು ಹೇಳಿ ಒಂದು ಚಿಕ್ಕ ನೋಟ್‌ಬುಕ್ ನನ್ನ ಕೈಗೆ ಕೊಟ್ಟರು. ರೋಗಿಯ ಕೇಸ್ ಶೀಟ್ ಬರೆದ ಹಾಗೆ ಕಾರಿನ ಕಥೆಯನ್ನು ದಿನಾಂಕ ಹಾಕಿ ಬರೆದಿದ್ದರು.

ಇಷ್ಟು ವರ್ಷಗಳಲ್ಲಿ ನನಗೆ ಅಂಥ ಪುಸ್ತಕ ಯಾರೂ ಕೊಟ್ಟಿರಲಿಲ್ಲ. "ಗಾಡಿ ಎಳೀತಿಲ್ಲ", "ಏನೋ ಸೌಂಡು" ಅನ್ನುವವರೇ ಜಾಸ್ತಿ. ಅದರಲ್ಲಿದ್ದ ಮುಖ್ಯ ಮಾತು ಇಷ್ಟು. ಮಾರ್ಚ್ ಮೊದಲ ವಾರ: ಬೆಳಿಗ್ಗೆ ಪೆಡಲ್ ಸರಿ ಇರುತ್ತದೆ, ಮಧ್ಯಾಹ್ನ ಮೆತ್ತಗಾಗುತ್ತದೆ. ಕ್ಲಚ್ ಆಯಿಲ್ ಡಬ್ಬಿಯಲ್ಲಿ ಮಟ್ಟ ಕೆಳಗಿನ ಗೆರೆಗಿಂತ ಇಳಿದಿದೆ, ಪೆಟ್ರೋಲ್ ಬಂಕಿನಲ್ಲಿ ತುಂಬಿಸಿದೆ. ಹನ್ನೆರಡು ದಿನಕ್ಕೆ ಮತ್ತೆ ಇಳಿಯಿತು. ಮಾರ್ಚ್ ಕೊನೆ: ತೋರಣಗಲ್ಲು ದಾಟಿದ ಮೇಲೆ ಆರನೇ ಗೇರಿನಲ್ಲಿ ಲಾರಿ ಓವರ್‌ಟೇಕ್ ಮಾಡುವಾಗ ಎಂಜಿನ್ ಸದ್ದು ಏರಿತು, ವೇಗ ಏರಲಿಲ್ಲ. ಎಂಜಿನ್ ಆಯಿಲ್ ಕಡ್ಡಿ ನೋಡಿದೆ, ಮಟ್ಟ ಇಳಿದಿಲ್ಲ. ಕೊನೆಯ ದಿನ: ಸಂಡೂರಿನಿಂದ ಬರುವಾಗ ಪೆಡಲ್ ನೆಲಕ್ಕೆ ಹೋಗಿ ಅಲ್ಲೇ ಉಳಿಯಿತು, ಫಸ್ಟ್ ಗೇರ್ ಬೀಳಲಿಲ್ಲ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಈ ಪ್ರಕರಣದ ಗಂಟು ಇಲ್ಲೇ ಇದೆ.

ಕ್ಲಚ್ಚಿಗೆ ಎರಡು ಥರದ ಕಾಯಿಲೆ. ಒಂದು, ಹಿಡಿಯದೇ ಇರುವುದು. ಎಂಜಿನ್ನಿನ ಜೊತೆ ತಿರುಗುವ ಚಕ್ರ ಫ್ಲೈವೀಲ್. ಅದಕ್ಕೂ ಅದರ ಕಡೆಗೆ ಒತ್ತುವ ಪ್ರೆಶರ್ ಪ್ಲೇಟಿಗೂ ನಡುವೆ, ಗೇರ್‌ಬಾಕ್ಸನ್ನು ತಿರುಗಿಸುವ ಕ್ಲಚ್ ಪ್ಲೇಟ್ ಗಟ್ಟಿಯಾಗಿ ಕಚ್ಚಿಕೊಳ್ಳಬೇಕು. ಕಚ್ಚದೆ ಜಾರಿದರೆ ಎಂಜಿನ್ ತಿರುಗುತ್ತದೆ, ಚಕ್ರ ಅಷ್ಟು ತಿರುಗುವುದಿಲ್ಲ. ಇದು ಮೊದಲು ಗೊತ್ತಾಗುವುದು ಮೇಲಿನ ಗೇರಿನಲ್ಲಿ, ಆಕ್ಸಿಲರೇಟರ್ ಒತ್ತಿದಾಗ. ಎರಡು, ಬಿಡದೇ ಇರುವುದು. ಪೆಡಲ್ ತುಳಿದರೂ ಪ್ಲೇಟ್ ಪೂರ್ತಿ ಬಿಡಿಸಿಕೊಳ್ಳುವುದಿಲ್ಲ. ಆಗ ಗೇರ್ ಬೀಳುವುದಿಲ್ಲ, ಬಿದ್ದರೂ ಕರ್ ಅನ್ನುತ್ತದೆ. ಎರಡೂ ಒಂದಕ್ಕೊಂದು ತದ್ವಿರುದ್ಧ. ಕಾಲಿಟ್ಟು ಓಡಿಸುವವರ ಕಾರಿನಲ್ಲಿ ಸಾಮಾನ್ಯವಾಗಿ ಮೊದಲನೆಯದು ಕಾಣುತ್ತದೆ. ಈ ಕಾರಿನಲ್ಲಿ ಎರಡೂ ಇದ್ದವು, ಅದೂ ಎರಡನೆಯದೇ ಮೊದಲು ಬಂದಿತ್ತು. ಆಯಿಲ್ ಇಳಿಯುವುದಕ್ಕೂ ಕಾಲಿಗೂ ಏನು ಸಂಬಂಧ?

ಲಾರಿಯಲ್ಲಾದರೆ ಇದು ಹತ್ತು ನಿಮಿಷದ ಪತ್ತೆ. ಕ್ಲಚ್ಚಿಗೂ ಹಾಕುವುದು ಬ್ರೇಕ್ ಆಯಿಲನ್ನೇ. ಪೆಡಲ್ ತುಳಿದರೆ ಮಾಸ್ಟರ್ ಸಿಲಿಂಡರ್ ಅದನ್ನು ಪೈಪಿಗೆ ತಳ್ಳುತ್ತದೆ. ಅದು ಸ್ಲೇವ್ ಸಿಲಿಂಡರನ್ನು ತಳ್ಳುತ್ತದೆ. ಸ್ಲೇವ್ ಗೇರ್‌ಬಾಕ್ಸಿನ ಹೊರಗಡೆ ಇರುವುದರಿಂದ ಸೋರಿದರೆ ಕಣ್ಣಿಗೆ ಕಾಣುತ್ತದೆ. ಈ ಕಾರಿನಲ್ಲಿ ಸ್ಲೇವ್ ಇರುವುದು ಬೆಲ್ ಹೌಸಿಂಗಿನ ಒಳಗೆ, ಅಂದರೆ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಕ್ಲಚ್ಚನ್ನು ಮುಚ್ಚಿರುವ ಗಂಟೆಯಾಕಾರದ ಗೂಡಿನ ಒಳಗೆ. ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟನ್ನು ಬಳೆಯ ಹಾಗೆ ಸುತ್ತಿಕೊಂಡಿರುತ್ತದೆ, ಕ್ಲಚ್ಚನ್ನು ಒತ್ತಿ ಬಿಡಿಸುವ ರಿಲೀಸ್ ಬೇರಿಂಗ್ ಅದರ ಮೂತಿಯ ಮೇಲೇ ಕೂತಿರುತ್ತದೆ. ಫೋರ್ಕ್ ಇಲ್ಲ, ಕೊಂಡಿ ಇಲ್ಲ, ಪೆಡಲ್ ನಯವಾಗಿರುತ್ತದೆ. ಆದರೆ ಅದು ಸೋರಿದರೆ ಹೊರಗೆ ಕಾಣುವುದಿಲ್ಲ, ನೋಡಬೇಕೆಂದರೆ ಗೇರ್‌ಬಾಕ್ಸ್ ಇಳಿಸಲೇಬೇಕು.

ಕೆಳಗಿನ ಪ್ಲಾಸ್ಟಿಕ್ ತಟ್ಟೆ ಬಿಚ್ಚಿ ನೋಡಿದೆ. ಬೆಲ್ ಹೌಸಿಂಗಿನ ಅಡಿಯಲ್ಲಿ ಕೆಂಪು ಕೆಸರು ಕಟ್ಟಿತ್ತು, ಒದ್ದೆ ಇತ್ತು. ಇಲ್ಲಿ ನಾನೇ ತಪ್ಪಿದೆ. ಎಂಜಿನ್ನಿನ ಹಿಂದಿನ ಆಯಿಲ್ ಸೀಲ್ ಹೋಗಿದೆ ಅಂದುಕೊಂಡು ಡಾಕ್ಟರ್ ಮೇಡಂಗೆ ಫೋನಿನಲ್ಲಿ ಹಾಗೇ ಹೇಳಿಯೂ ಬಿಟ್ಟೆ. ಬೆಂಗಳೂರಿಗೆ ಸೀಲ್ ಆರ್ಡರ್ ಕೂಡ ಹೋಯಿತು. ರಾತ್ರಿ ನೋಟ್‌ಬುಕ್ ಮತ್ತೆ ತೆಗೆದಾಗ ಆ ಸಾಲು ಕಣ್ಣಿಗೆ ಬಿತ್ತು: "ಎಂಜಿನ್ ಆಯಿಲ್ ಕಡ್ಡಿ ನೋಡಿದೆ, ಮಟ್ಟ ಇಳಿದಿಲ್ಲ." ನಾನು ಅದನ್ನು ಓದಿದ್ದೆ, ಆದರೆ ಗಣನೆಗೆ ತೆಗೆದುಕೊಂಡಿರಲಿಲ್ಲ.

ಬೆಳಿಗ್ಗೆ ಬಂದವನೇ ಉಸ್ತಾದ್ ಕಲಿಸಿದ್ದ ಹಳೆಯ ಪರೀಕ್ಷೆ ಮಾಡಿದೆ. ಎರಡು ಸ್ಟೀಲ್ ಲೋಟ ತೊಳೆದು ನೀರು ತುಂಬಿದೆ. ಒಂದರಲ್ಲಿ ಎಂಜಿನ್ ಕಡ್ಡಿಯಿಂದ ಒಂದು ತೊಟ್ಟು ಬಿಟ್ಟೆ. ಅದು ನೀರಿನ ಮೇಲೆ ತೇಲಿತು. ಇನ್ನೊಂದರಲ್ಲಿ ಬೆಲ್ ಹೌಸಿಂಗಿನ ಅಡಿಯ ತೊಟ್ಟು. ಅದು ಕೆಂಪು ಮಣ್ಣನ್ನು ತಳಕ್ಕೆ ಬಿಟ್ಟು ನೀರಿನಲ್ಲಿ ಕರಗಿ ಹೋಯಿತು. ಎಂಜಿನ್ ಆಯಿಲ್ ಆಗಲಿ ಗೇರ್ ಆಯಿಲ್ ಆಗಲಿ ನೀರಿನಲ್ಲಿ ಬೆರೆಯುವುದಿಲ್ಲ. ಗೇರ್ ಆಯಿಲಿಗೆ ಗಂಧಕದ ವಾಸನೆಯೂ ಇರುತ್ತದೆ. ಡಾಟ್ 3, ಡಾಟ್ 4 ಬ್ರೇಕ್ ಆಯಿಲ್ ಮಾತ್ರ ನೀರಿನಲ್ಲಿ ಕರಗುತ್ತದೆ. ಅಂದರೆ ಸೋರುತ್ತಿದ್ದುದು ಕ್ಲಚ್ಚಿನದೇ ಆಯಿಲ್. ಪೆಡಲ್ ಹತ್ತಿರ ಮಾಸ್ಟರ್ ಸಿಲಿಂಡರ್ ಒಣಗಿತ್ತು, ಹೊರಗಿನ ಪೈಪ್ ಒಣಗಿತ್ತು. ಉಳಿದದ್ದು ಒಂದೇ, ಒಳಗಿನ ಸ್ಲೇವ್.

ಡಬ್ಬಿಯ ಆಯಿಲಿಗೂ ಇದೇ ಪರೀಕ್ಷೆ ಮಾಡಿದೆ. ಬಂಕಿನಲ್ಲಿ ಗೊತ್ತಿಲ್ಲದೆ ಬೇರೆ ಆಯಿಲ್ ಹಾಕಿಬಿಟ್ಟರೆ ಒಳಗಿನ ರಬ್ಬರ್ ಸೀಲ್‌ಗಳು ಉಬ್ಬಿ ಹಾಳಾಗುತ್ತವೆ. ಅದು ಆಗಿರಲಿಲ್ಲ. ಆದರೆ ಆಯಿಲ್ ಕಪ್ಪಾಗಿತ್ತು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ. ಹೊಸ ಡಾಟ್ 4 ಕುದಿಯುವುದು 230 ಡಿಗ್ರಿಯ ಮೇಲೆ. ತೇವ ಹೀರಿದ ಮೇಲೆ 155ರ ತನಕ ಇಳಿಯಬಹುದು. ನಮ್ಮೂರ ಬೇಸಿಗೆ, ಪಕ್ಕದಲ್ಲೇ ಸೈಲೆನ್ಸರ್ ಪೈಪ್, ಮಧ್ಯಾಹ್ನವೇ ಪೆಡಲ್ ಮೆತ್ತಗಾಗುತ್ತಿದ್ದುದಕ್ಕೆ ಇದೂ ಸೇರಿಕೊಂಡಿರಬೇಕು.

ಇನ್ನು ಗೇರ್‌ಬಾಕ್ಸ್ ಇಳಿಸುವ ಕೆಲಸ. ಕಾರು ಎಷ್ಟು ತಗ್ಗು ಅಂದರೆ ಲಿಫ್ಟಿನ ಕೈ ಅಡಿಗೆ ಹೋಗಲಿಲ್ಲ. ನಾಲ್ಕು ಚಕ್ರಕ್ಕೂ ಹಲಗೆ ಕೊಟ್ಟು ಏರಿಸಿಕೊಂಡೆವು. ಜಾಕ್ ಕೊಡುವ ಜಾಗ ಬಿಟ್ಟು ಬೇರೆ ಕಡೆ ಕೊಟ್ಟರೆ ಅಂಚು ಮಡಚಿಕೊಳ್ಳುತ್ತದೆ, ಅದಕ್ಕೇ ಹುಡುಗನಿಗೆ ಚಾಕ್‌ಪೀಸಿನಲ್ಲಿ ಗುರುತು ಹಾಕಿಸಿದೆ. ಬ್ಯಾಟರಿ ವೈರ್ ತೆಗೆದು, ಸೈಲೆನ್ಸರ್ ಪೈಪ್ ಇಳಿಸಿ, ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಗಳ ಕಡೆಗೆ ಹೋಗುವ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿದೆವು. ಬಿಚ್ಚುವ ಮೊದಲು ಶಾಫ್ಟ್ ಮತ್ತು ಫ್ಲ್ಯಾಂಜ್ ಎರಡರ ಮೇಲೂ ಒಂದೇ ಗೆರೆಗೆ ಬಿಳಿ ಪೇಂಟ್ ಹಚ್ಚಬೇಕು. ತಿರುಗಿಸಿ ಹಾಕಿದರೆ ಬ್ಯಾಲೆನ್ಸ್ ಹೋಗಿ ಹೆಚ್ಚಿನ ವೇಗದಲ್ಲಿ ನಡುಗುತ್ತದೆ. ಬೆಲ್ ಹೌಸಿಂಗಿನ ಬೋಲ್ಟ್‌ಗಳು ಒಂದೇ ಉದ್ದದವಲ್ಲ. ರಟ್ಟಿನ ಮೇಲೆ ಗೇರ್‌ಬಾಕ್ಸಿನ ಚಿತ್ರ ಬರೆದು, ಯಾವ ಬೋಲ್ಟ್ ಎಲ್ಲಿಯದೋ ಅಲ್ಲೇ ಚುಚ್ಚಿಟ್ಟೆವು. ಉದ್ದದ ಬೋಲ್ಟನ್ನು ಗಿಡ್ಡ ತೂತಿಗೆ ಹಾಕಿ ಅಲ್ಯೂಮಿನಿಯಂ ಸೀಳಿದ ಗೇರ್‌ಬಾಕ್ಸ್‌ಗಳನ್ನು ನಾನು ನೋಡಿದ್ದೇನೆ.

ಗೇರ್‌ಬಾಕ್ಸನ್ನು ಹೊತ್ತ ಅಡ್ಡಪಟ್ಟಿ, ಅಂದರೆ ಹಿಂದಿನ ಕ್ರಾಸ್ ಮೆಂಬರ್, ಬಿಚ್ಚಿದ ಕೂಡಲೇ ಎಂಜಿನ್ ಹಿಂದಕ್ಕೆ ಬಾಗುತ್ತದೆ, ಹಾಗಾಗಿ ಅದಕ್ಕೆ ಬೇರೆ ಆಸರೆ ಕೊಟ್ಟೆವು. ಗೇರ್‌ಬಾಕ್ಸನ್ನು ಜಾಕಿನ ಮೇಲೆ ನೇರವಾಗಿ ಹಿಂದಕ್ಕೆ ಎಳೆದೆವು. ಅರ್ಧ ಹೊರಬಂದ ಗೇರ್‌ಬಾಕ್ಸ್ ಇನ್‌ಪುಟ್ ಶಾಫ್ಟಿನ ಮೇಲೆ ನೇತುಬೀಳಬಾರದು. ಬಿದ್ದರೆ ಪ್ಲೇಟಿನ ನಡುಭಾಗ ಬಗ್ಗುತ್ತದೆ.

ಹುಡುಗ ಏರ್ ಪೈಪ್ ಹಿಡಿದು ಬಂದ. "ಬೇಡ ತಮ್ಮಾ, ಏರ್ ಹೊಡೀಬೇಡ" ಅಂದೆ. ಕ್ಲಚ್ಚಿನ ಧೂಳು ಉಸಿರಿಗೆ ಹೋಗಬಾರದು. ಹಳೆಯ ಲಾರಿಗಳ ಪ್ಲೇಟಿನ ಮೇಲೆ ಕಚ್ಚುವ ಪದರ, ಅಂದರೆ ಲೈನಿಂಗಿನಲ್ಲಿ, ಆಸ್ಬೆಸ್ಟಾಸ್ ಇರುತ್ತಿತ್ತು. ನನ್ನ ಉಸ್ತಾದ್ ಕಾಲದಲ್ಲಿ ಅದನ್ನು ಯಾರೂ ಹೇಳಿಕೊಡಲಿಲ್ಲ, ಬಾಯಲ್ಲೇ ಊದುತ್ತಿದ್ದರು. ಅವರು ಕೊನೆಯ ದಿನಗಳಲ್ಲಿ ಕೆಮ್ಮುತ್ತಿದ್ದುದು ನೆನಪಾದರೆ ಈಗಲೂ ಸಂಕಟವಾಗುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿಕೊಂಡೇ ಮುಂದೆ ಹೋದೆವು. ಏರ್ ಹೊಡೆಯದ್ದರಿಂದ ಇನ್ನೊಂದು ಲಾಭವೂ ಆಯಿತು: ಒಳಗಿದ್ದ ಸಾಕ್ಷಿ ಹಾರಿಹೋಗಲಿಲ್ಲ.

ಒಳಗೆ ಕಂಡದ್ದು ಕೆಂಪು ಪೇಸ್ಟ್. ಅದಿರು ಧೂಳು ಬ್ರೇಕ್ ಆಯಿಲಿನಲ್ಲಿ ಕಲಸಿ ಸ್ಲೇವ್ ಸುತ್ತಲೂ ಕುಂಕುಮದ ಹಾಗೆ ಮೆತ್ತಿಕೊಂಡಿತ್ತು. ಸ್ಲೇವ್ ಜಾರುವ ಕೊಳವೆಯನ್ನು ಒರೆಸಿ ನೋಡಿದರೆ ಉದ್ದಕ್ಕೂ ಸಣ್ಣ ಸಣ್ಣ ಗೀರು. ಸೀಲಿನ ಅಂಚು ಒಂದು ಕಡೆ ತಿಂದುಹೋಗಿತ್ತು. ನಮ್ಮ ಸಂಡೂರಿನ ಅದಿರು ಹೆಮಟೈಟ್. ಗಟ್ಟಿ ಖನಿಜ ಅದು. ಅದರ ಪುಡಿ ಆಯಿಲಿನಲ್ಲಿ ಕಲಸಿದರೆ ವಾಲ್ವ್ ಉಜ್ಜುವ ಪೇಸ್ಟಿನ ಕೆಲಸವನ್ನೇ ಮಾಡುತ್ತದೆ.

ಆದರೆ ಮುಚ್ಚಿದ ಬೆಲ್ ಹೌಸಿಂಗಿಗೆ ಇಷ್ಟು ಧೂಳು ಬಂದದ್ದು ಎಲ್ಲಿಂದ? ಟಾರ್ಚ್ ಹಿಡಿದು ಸುತ್ತ ನೋಡಿದೆ. ಅಡಿಯಲ್ಲಿ ಹೆಬ್ಬೆರಳು ಹಿಡಿಸುವಷ್ಟು ಒಂದು ಕಿಂಡಿ. ಅದಕ್ಕೆ ರಬ್ಬರ್ ಬಿರಡೆ ಇರಬೇಕು. ಇರಲಿಲ್ಲ. ಪಕ್ಕದ ತಗಡಿನ ಮುಚ್ಚಳಕ್ಕೆ ಎರಡು ಬೋಲ್ಟ್ ಇರಬೇಕಾದಲ್ಲಿ ಒಂದೇ ಇತ್ತು. ಹಿಂದಿನ ಸಲ ಕ್ಲಚ್ ಹಾಕಿದವರು ಅವನ್ನು ಹಾಕದೆ ಬಿಟ್ಟಿದ್ದರು. ಸ್ಲೇವ್ ಕೂಡ ಹಳೆಯದೇ ಇತ್ತು. ಪ್ಲೇಟ್ ಮತ್ತು ಪ್ರೆಶರ್ ಪ್ಲೇಟ್ ಮಾತ್ರ ಬದಲಿಸಿದ್ದರು. ಆ ಮೇಲೆ ಈ ಕಾರು ಪ್ರತಿ ವಾರ ತೋರಣಗಲ್ಲು, ಸಂಡೂರು ದಾರಿಯಲ್ಲಿ ಅದಿರು ಲಾರಿಗಳ ಹಿಂದೆ ಓಡಿದೆ. ಆ ದಾರಿಯಲ್ಲಿ ಗಿಡದ ಎಲೆಯೂ ಕೆಂಪು.

ಈಗ ಪ್ಲೇಟ್. ನನಗೆ ಎಲ್ಲಕ್ಕಿಂತ ಮುಖ್ಯ ಇದು. ಕಾಲಿಟ್ಟು ಓಡಿಸಿದ್ದರೆ ಪ್ಲೇಟಿನ ಲೈನಿಂಗ್ ಸವೆದು ರಿವೆಟ್ ಮಟ್ಟಕ್ಕೆ ಬಂದಿರಬೇಕು. ಫ್ಲೈವೀಲ್ ಮುಖ ಸುತ್ತಲೂ ನೀಲಿಗಟ್ಟಿರಬೇಕು. ರಿಲೀಸ್ ಬೇರಿಂಗ್ ಗರಗರ ಅನ್ನಬೇಕು. ಸಾಮಾನ್ಯವಾಗಿ ರಿವೆಟ್ ತಲೆಯ ಮೇಲೆ ಲೈನಿಂಗ್ 0.3 ಮಿಲಿಮೀಟರಿಗೆ ಇಳಿದರೆ ಪ್ಲೇಟ್ ಮುಗಿಯಿತು ಅಂತ ಲೆಕ್ಕ. ಇಲ್ಲಿ ಒಂದು ಕಡೆ 1.4, ಇನ್ನೊಂದು ಕಡೆ 1.3 ಇತ್ತು. ಸವೆತ ಅನ್ನುವುದು ಇಲ್ಲವೇ ಇಲ್ಲ ಅನ್ನಬಹುದು. ಆದರೆ ಲೈನಿಂಗ್ ಮೇಲೆ ನಡುವಿನಿಂದ ಅಂಚಿನ ಕಡೆಗೆ ಕಪ್ಪು ಹೊಳೆಯುವ ಪಟ್ಟೆಗಳು. ಸ್ಲೇವ್‌ನಿಂದ ಸೋರಿದ ಆಯಿಲ್ ತಿರುಗುವ ಪ್ಲೇಟಿನ ಮೇಲೆ ಸಿಡಿದು ಹರಡಿದ ಗುರುತು ಅದು. ಲೈನಿಂಗ್ ಆಯಿಲ್ ಕುಡಿದರೆ ಅದರ ಕಚ್ಚುವ ಶಕ್ತಿ ಹೋಗುತ್ತದೆ. ಎಷ್ಟೇ ದಪ್ಪ ಇದ್ದರೂ ಜಾರುತ್ತದೆ.

ಹೀಗೆ ಎರಡು ಕಾಯಿಲೆಗೂ ಬೇರು ಒಂದೇ. ಸ್ಲೇವ್ ಸೋರಿದ್ದರಿಂದ ಪೆಡಲ್ ಇಳಿಯಿತು, ಗೇರ್ ಬೀಳಲಿಲ್ಲ. ಸೋರಿದ ಆಯಿಲ್ ಪ್ಲೇಟಿಗೆ ಹೋಗಿ ಕ್ಲಚ್ ಜಾರಿತು.

ಡಾಕ್ಟರ್ ಮೇಡಂ ಸಂಜೆ ಬಂದರು. ಪ್ಲೇಟನ್ನು ಕೈಗೆ ಕೊಟ್ಟೆ. ಕ್ಯಾಲಿಪರ್ ಇಟ್ಟು ಅಳತೆ ತೋರಿಸಿದೆ. ಹೊಸ ಪ್ಲೇಟಿನ ಅಳತೆ ಕಂಪನಿ ಪುಸ್ತಕದಲ್ಲಿ ಎಷ್ಟಿದೆ ಅಂತಲೂ ತೋರಿಸಿದೆ. ಕಿಂಡಿಯಲ್ಲಿ ಬೆರಳು ಹಾಕಿ ಅವರೇ ನೋಡಿದರು. ಬೆರಳು ಕೆಂಪಾಯಿತು.

"ಹಾಗಾದ್ರೆ ನನ್ನ ಕಾಲು?" ಅಂದರು.

"ನಿಮ್ಮ ಕಾಲಿಂದ ಇದು ಆಗಿಲ್ಲ ಮೇಡಂ" ಅಂದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಪ್ಲೇಟಿನ ಫೋಟೋ ತೆಗೆದುಕೊಂಡರು, ಅಳತೆ ಕಾಣುವ ಹಾಗೆ.

ಒಂದು ಮಾತು ಮಾತ್ರ ಅವರೇ ಒಪ್ಪಿಕೊಂಡರು. ಸುಧಾ ಕ್ರಾಸ್ ರೈಲ್ವೆ ಗೇಟಿನಲ್ಲಿ ನಿಂತಾಗ ಗೇರ್ ಹಾಕಿಕೊಂಡೇ ಕ್ಲಚ್ ತುಳಿದು ಕಾಯುತ್ತಿದ್ದರಂತೆ. ಅದರಿಂದ ರಿಲೀಸ್ ಬೇರಿಂಗಿಗೂ ಸ್ಲೇವ್‌ಗೂ ಸುಮ್ನೆ ಭಾರ, ಗೇಟ್ ಹಾಕಿದ್ದರೆ ನ್ಯೂಟ್ರಲ್ ಮಾಡಿ ಕಾಲು ತೆಗೆಯಿರಿ ಅಂದೆ. ಆದರೆ 9,000 ಕಿಲೋಮೀಟರಿಗೆ ಕ್ಲಚ್ ಹಾಳಾದದ್ದು ಅದರಿಂದಲ್ಲ ಅಂತಲೂ ಸ್ಪಷ್ಟವಾಗಿ ಹೇಳಿದೆ. ಗಾಡಿ ಹಾಳಾದರೆ ಓಡಿಸಿದವರ ಮೇಲೆ, ಅದರಲ್ಲೂ ಹೆಣ್ಣುಮಕ್ಕಳ ಮೇಲೆ, ತಪ್ಪು ಹೊರಿಸುವುದು ನಮ್ಮ ಕಸುಬಿನಲ್ಲಿ ಬಹಳ ಸುಲಭ. ಬಿಚ್ಚಿ ಅಳೆಯದೆ ಯಾರೂ ಆ ಮಾತು ಆಡಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಏನೇನು ಬದಲಿಸಬೇಕು ಅನ್ನುವ ಲೆಕ್ಕ ಕೂತು ಮಾಡಿದೆವು. ಪ್ಲೇಟ್ ಮತ್ತು ಪ್ರೆಶರ್ ಪ್ಲೇಟ್, ಅಲ್ಯೂಮಿನಿಯಂ ಮೈಯ ಹೊಸ ಸ್ಲೇವ್, ರಿಲೀಸ್ ಬೇರಿಂಗ್, ಪೈಲಟ್ ಬೇರಿಂಗ್, ಗೇರ್‌ಬಾಕ್ಸಿನ ಮುಂದಿನ ಸೀಲ್. ನಾನು ತಪ್ಪಾಗಿ ತರಿಸಿದ್ದ ಎಂಜಿನ್ ಸೀಲನ್ನೂ ಹಾಕಿದೆ, ಅದರ ದುಡ್ಡು ತೆಗೆದುಕೊಳ್ಳಲಿಲ್ಲ. ಆ ಜಾಗಕ್ಕೆ ಮತ್ತೆ ಕೈ ಹೋಗಬೇಕಾದರೆ ಗೇರ್‌ಬಾಕ್ಸ್ ಇಳಿಸಬೇಕಲ್ವಾ.

ಕಷ್ಟ ಆದದ್ದು ಫ್ಲೈವೀಲ್ ವಿಷಯ. ಲಾರಿಯ ಫ್ಲೈವೀಲ್ ಒಂದೇ ಗಟ್ಟಿ ಚಕ್ರ, ಲೇತಿಗೆ ಕೊಟ್ಟು ಮುಖ ಹೊಡೆಸಿ ಹಾಕುತ್ತೇವೆ. ಈ ಕಾರಿನದು ಡ್ಯುಯಲ್ ಮಾಸ್. ಎರಡು ಚಕ್ರ, ನಡುವೆ ಸ್ಪ್ರಿಂಗು ಮತ್ತು ಗ್ರೀಸು. ಎಂಜಿನ್ನಿನ ನಡುಕ ಗೇರ್‌ಬಾಕ್ಸಿಗೆ ಹೋಗದಂತೆ ಅದು ತಡೆಯುತ್ತದೆ. ಅದನ್ನು ಸುಮ್ಮನೆ ಲೇತಿಗೆ ಕೊಡುವ ಹಾಗಿಲ್ಲ. ಹೊಸದರ ಬೆಲೆ ಕ್ಲಚ್ ಸೆಟ್ಟಿಗಿಂತ ಜಾಸ್ತಿ. ಕೈಯಿಂದ ತಿರುಗಿಸಿ ನೋಡಿದೆ, ಎರಡೂ ಕಡೆಗೆ ಸ್ಪ್ರಿಂಗು ಸಮವಾಗಿ ತಡೆದು ವಾಪಸ್ ತಳ್ಳಿತು. ಅಲುಗಾಡಿಸಿದರೆ ಆಟ ಕಂಪನಿ ಪುಸ್ತಕದ ಮಿತಿಯೊಳಗೇ ಇತ್ತು. ಗ್ರೀಸ್ ಹೊರಬಂದಿರಲಿಲ್ಲ. ಬಿರುಕು ಇರಲಿಲ್ಲ, ಜಾರಿದ ಜಾಗದಲ್ಲಿ ನಾಲ್ಕೈದು ತಿಳಿ ಕಲೆ ಅಷ್ಟೇ. ಹಳೆಯದನ್ನೇ ಇಡೋಣ ಅಂದೆ. "ಮುಂದೆ ಇದು ಹೋದರೆ ಮತ್ತೆ ಗೇರ್‌ಬಾಕ್ಸ್ ಇಳಿಸಬೇಕಾಗುತ್ತೆ, ಯೋಚನೆ ಮಾಡಿ" ಅಂತಲೂ ಹೇಳಿದೆ. ಅವರು ಇಡಿ ಅಂದರು.

ಸಾಮಾನು ಬರಲು ಮೂರು ವಾರ ಹಿಡಿಯಿತು. ಆ ಹೊತ್ತಿಗೆ ಪ್ಲೇಟನ್ನು ನಡುವಿಗೆ ಸರಿಯಾಗಿ ಕೂರಿಸುವ ಡಮ್ಮಿ ಶಾಫ್ಟನ್ನು ಪಕ್ಕದ ಲೇತ್ ಅಂಗಡಿಯಲ್ಲಿ ನೈಲಾನ್ ರಾಡಿನಿಂದ ಮಾಡಿಸಿದೆ. ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟನ್ನೇ ಅಳೆದು ತೆಗೆದದ್ದು.

ಜೋಡಿಸುವಾಗ ನಾನು ಹಠ ಹಿಡಿದದ್ದು ಶುಚಿತ್ವಕ್ಕೆ. ಬೆಲ್ ಹೌಸಿಂಗನ್ನು ತೊಳೆದು ಒಣಗಿಸಿ, ಹೊಸ ಪ್ರೆಶರ್ ಪ್ಲೇಟಿನ ತುಕ್ಕು ತಡೆಯುವ ಎಣ್ಣೆಯನ್ನು ಬ್ರೇಕ್ ಕ್ಲೀನರಿನಲ್ಲಿ ಒರೆಸಿದೆವು. ಗ್ರೀಸಿನ ಕೈಯಲ್ಲಿ ಲೈನಿಂಗ್ ಮುಟ್ಟಬಾರದು. ಶಾಫ್ಟಿನ ಹಲ್ಲುಗಳಿಗೆ ಗ್ರೀಸ್ ತೆಳುವಾಗಿ ಸವರಿ, ಹೆಚ್ಚಾದದ್ದನ್ನು ಒರೆಸಿದೆವು, ಇಲ್ಲದಿದ್ದರೆ ಅದೂ ಸಿಡಿದು ಪ್ಲೇಟಿಗೇ ಹೋಗುತ್ತದೆ. ಪ್ರೆಶರ್ ಪ್ಲೇಟಿನ ಬೋಲ್ಟ್‌ಗಳನ್ನು ಎದುರು ಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿದು, ಕೊನೆಗೆ ಟಾರ್ಕ್ ರೆಂಚಿನಲ್ಲಿ ಪುಸ್ತಕದ ಅಳತೆಗೆ ತಂದೆವು. ಕಿಂಡಿಗೆ ಹೊಸ ರಬ್ಬರ್ ಬಿರಡೆ. ತಗಡಿಗೆ ಎರಡು ಬೋಲ್ಟ್. ಅವೆರಡನ್ನೂ ಹುಡುಗನ ಕೈಯಿಂದಲೇ ಹಾಕಿಸಿದೆ.

ಎಲ್ಲ ಮುಗಿಯಿತು ಅಂದುಕೊಂಡಾಗ ಪೆಡಲ್ ಕಾಡಿತು. ಹೊಸ ಆಯಿಲ್ ತುಂಬಿ ಗಾಳಿ ತೆಗೆದರೂ ಪೆಡಲ್ ನೆಲದಲ್ಲೇ. ಒಂದು ಇಡೀ ದಿನ ಹೋಯಿತು. ತಪ್ಪು ನಮ್ಮ ಅವಸರದ್ದು. ಲಾರಿಯಲ್ಲಿ ಮಾಡುವ ಹಾಗೆ ಪಟಪಟ ತುಳಿಯುತ್ತಿದ್ದೆವು. ಹಾಗೆ ತುಳಿದರೆ ಗಾಳಿ ಸಣ್ಣ ಗುಳ್ಳೆಯಾಗಿ ಆಯಿಲಿನಲ್ಲೇ ಉಳಿಯುತ್ತದೆ. ರಾತ್ರಿಯಿಡೀ ಬಿಟ್ಟೆವು. ಬೆಳಿಗ್ಗೆ ಒಬ್ಬ ನಿಧಾನ ತುಳಿದು ಹಿಡಿದ, ನಾನು ಕೆಳಗೆ ನಿಪ್ಪಲ್ ಬಿಟ್ಟು ಮುಚ್ಚಿದೆ, ಅವನು ಕೈಯಿಂದಲೇ ಪೆಡಲ್ ಮೇಲೆತ್ತಿದ. ಹೀಗೆ ಮೂವತ್ತು ಸಲಕ್ಕಿಂತ ಜಾಸ್ತಿ. ಪೆಡಲ್ ಗಟ್ಟಿಯಾಗಿ ಮೇಲೆ ಬಂದಾಗ ಹುಡುಗ ಕೂಗಿದ್ದು ರಸ್ತೆಯ ತನಕ ಕೇಳಿಸಿರಬೇಕು.

ಮರುದಿನ ಬೆಳಗಿನ ಜಾವ ಕುಡತಿನಿ ಕಡೆಗೆ ಹೋದೆವು. ಡಾಕ್ಟರ್ ಮೇಡಂ ಓಡಿಸಿದರು, ನಾನು ಪಕ್ಕದಲ್ಲಿ ಕೂತೆ. ಹೊಸ ಕ್ಲಚ್ಚಿಗೆ ಮೊದಲ 800 ಕಿಲೋಮೀಟರ್ ಹದವಾಗಿ ಓಡಿಸಬೇಕು, ಜೋರು ಎಳೆತ ಬೇಡ ಅಂದಿದ್ದೆ. ಅವರು ಅದನ್ನು ಪಾಲಿಸಿ ಮತ್ತೆ ಬಂದರು. ಆಗ ಮೂರನೇ ಗೇರಿನಲ್ಲಿ 40ರಿಂದ ಆಕ್ಸಿಲರೇಟರ್ ಪೂರ್ತಿ ಒತ್ತಿಸಿದೆ. ಎಂಜಿನ್ ಸುತ್ತು ತೋರಿಸುವ ಮುಳ್ಳೂ ವೇಗವೂ ಒಟ್ಟಿಗೇ ಏರಿದವು. ಆರನೇ ಗೇರಿನಲ್ಲೂ ಹಾಗೇ.

ಈಗ 6,000 ಕಿಲೋಮೀಟರ್ ಆಗಿದೆ. ಸಂಡೂರು ದಾರಿಯ ಓಡಾಟವೂ ಅದರಲ್ಲಿ ಸೇರಿದೆ. ಮೊನ್ನೆ ಲಿಫ್ಟಿಗೆ ಏರಿಸಿ ನೋಡಿದೆ, ಬೆಲ್ ಹೌಸಿಂಗಿನ ಅಡಿ ಒಣಗಿತ್ತು. ಅವರ ನೋಟ್‌ಬುಕ್ಕಿನಲ್ಲಿ ಪ್ರತಿ ಸೋಮವಾರದ ಮುಂದೆ ಒಂದೇ ಸಾಲು: "ಆಯಿಲ್ ಗೆರೆ ಅಲ್ಲೇ ಇದೆ."

ನಮ್ಮ ಹುಡುಗ ಈಗ ಯಾವ ಕಾರು ಲಿಫ್ಟಿಗೆ ಏರಿದರೂ ಮೊದಲು ಆ ಕಿಂಡಿಯನ್ನೇ ನೋಡುತ್ತಾನೆ. ಈ ಮೂರು ತಿಂಗಳಲ್ಲಿ ಗಣಿ ಕಡೆಯಿಂದ ಬಂದ ಇನ್ನೆರಡು ಕಾರುಗಳಲ್ಲಿ ಬಿರಡೆ ಇರಲಿಲ್ಲ. ಎರಡಕ್ಕೂ ಹಾಕಿ ಕಳಿಸಿದ್ದೇವೆ.